ದಾರಿ ಕಾಯುವ ದೀಪ



ಗಬ್ಬೂರು, ದೇವದುರ್ಗ, ಮಾನ್ವಿ ಕಡೆಯವರಿಗೆ ದೀಪಸ್ತಂಭ ಎಂದರೆ ಏನು ನೆನಪಾಗುತ್ತದೆ? ಗುಡಿಯ ಮುಂದಿನ ಕಲ್ಲಿನ ಕಂಬ ತಾನೇ? ಕರಾವಳಿಯಲ್ಲಿ ಇದೇ ಹೆಸರಿನ ಇನ್ನೊಂದಿದೆ. ಸಮುದ್ರದ ದಡದಲ್ಲಿ ನಿಂತು, ಇರುಳಿಡೀ ಬೆಳಕು ಬೀರಿ, ಹಡಗುಗಳಿಗೆ ದಾರಿ ತೋರುವ ಗೋಪುರ ಅದು. ನಮ್ಮ ಊರುಗಳಿಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ದುಡಿಮೆಗಾಗಿ ಮಂಗಳೂರು, ಉಡುಪಿ, ಮಲ್ಪೆಗೆ ಹೋದವರು ನಮ್ಮ ಕಡೆ ಎಷ್ಟು ಮನೆಗಳಲ್ಲಿಲ್ಲ? ನಿಮ್ಮ ಮಗನೋ ತಮ್ಮನೋ ಸಂಜೆ ಕಡಲ ದಡಕ್ಕೆ ಹೋದರೆ ಆ ಬೆಳಕು ಅವನ ಕಣ್ಣಿಗೂ ಬಿದ್ದೀತು.

ಬೆಳಕನ್ನು ಅಷ್ಟು ಎತ್ತರದಲ್ಲಿ ಇಡುವುದೇಕೆ? ಭೂಮಿ ದುಂಡಗಿದೆ. ದಡದಲ್ಲಿ ನಿಂತವರಿಗೆ ಸಮುದ್ರದ ಮೇಲೆ ಕಾಣುವುದು ಐದು ಕಿಲೋಮೀಟರಿಗೂ ಕಡಿಮೆ ದೂರ. 30 ಮೀಟರ್ ಎತ್ತರ ಹತ್ತಿದರೆ ಸುಮಾರು 20 ಕಿಲೋಮೀಟರ್ ಕಾಣುತ್ತದೆ. ದೀಪ ಮೇಲಿದ್ದಷ್ಟೂ ನಾವಿಕನಿಗೆ ಅದು ಮೊದಲೇ ಕಾಣುತ್ತದೆ.

ಇನ್ನು ಬೆಳಕಿನ ಮಾತು. ಮನೆಯ ಕಂದೀಲು ಸುತ್ತಲೂ ಬೆಳಗುತ್ತದೆ, ಆದರೆ ಅಂಗಳ ದಾಟುವಷ್ಟರಲ್ಲಿ ಮಂಕಾಗುತ್ತದೆ. ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಇದಕ್ಕೊಂದು ಉಪಾಯ ಹುಡುಕಿದರು. ಗಾಜಿನ ಉಂಗುರಗಳನ್ನು ಒಂದರ ಸುತ್ತ ಒಂದು ಜೋಡಿಸಿ, ಎಲ್ಲೆಡೆ ಚದುರಿ ಹೋಗುವ ಬೆಳಕನ್ನು ಬಾಗಿಸಿ ಒಂದೇ ದಿಕ್ಕಿಗೆ ಹರಿಸಿದರು. 1823ರಲ್ಲಿ ಇಂತಹ ಮಸೂರ ಮೊದಲ ಬಾರಿ ದೀಪಸ್ತಂಭದಲ್ಲಿ ಬೆಳಗಿತು. ಆಮೇಲೆ ಒಂದು ಎಣ್ಣೆ ದೀಪವೂ ಹತ್ತಾರು ಕಿಲೋಮೀಟರ್ ಆಚೆಗೆ ಕಾಣತೊಡಗಿತು.

ಆದರೆ ಬೆಳಕು ಕಂಡರಷ್ಟೇ ಸಾಲದು. ಅದು ಯಾವ ಊರಿನ ಬೆಳಕೆಂದು ತಿಳಿಯಬೇಕಲ್ಲವೇ? ಅದಕ್ಕಾಗಿ ಪ್ರತಿ ದೀಪಸ್ತಂಭಕ್ಕೂ ತನ್ನದೇ ಗುರುತಿದೆ. ಇಷ್ಟು ಸೆಕೆಂಡಿಗೆ ಇಷ್ಟು ಮಿಂಚು ಎಂಬ ಲೆಕ್ಕ ನಾವಿಕರ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಕತ್ತಲಲ್ಲಿ ಅವರು ಮಿಂಚುಗಳನ್ನು ಎಣಿಸಿ, ತಾವೆಲ್ಲಿದ್ದೇವೆಂದು ತಿಳಿಯುತ್ತಾರೆ. ಆ ಲೆಕ್ಕ ಒಂದು ರಾತ್ರಿ ತಪ್ಪಿದರೂ ಹಡಗು ಬಂಡೆಗೆ ಬಡಿದೀತು. ದಿನಕ್ಕೊಂದು ರೀತಿ ಬೆಳಗುವ ದೀಪಕ್ಕಿಂತ ದೀಪವೇ ಇಲ್ಲದಿರುವುದು ವಾಸಿ!

ನಮ್ಮ ರಾಜ್ಯದಲ್ಲೂ ಹಳೆಯ ದೀಪಸ್ತಂಭಗಳಿವೆ. ಕಾರವಾರದ ಎದುರಿಗಿರುವ ದೇವಗಡ ದ್ವೀಪದ ದೀಪ 1864ರದ್ದು. ಉಡುಪಿ ಬಳಿಯ ಕಾಪುವಿನಲ್ಲಿ ಕಡಲಂಚಿನ ಬಂಡೆಯ ಮೇಲೆ ನಿಂತಿರುವ ಸುಮಾರು 27 ಮೀಟರಿನ ಗೋಪುರ 1901ರದ್ದು. ಹಗಲಲ್ಲಿ ಮೀನುಗಾರರಿಗೆ ಅದರ ಆಕಾರವೇ ಗುರುತು. ನಾವು ದೂರದಿಂದ ಊರಿನ ಗೋಪುರವನ್ನೋ ಮಸೀದಿಯ ಮಿನಾರನ್ನೋ ಕಂಡು ‘ಬಂತು ನಮ್ಮೂರು’ ಎನ್ನುವುದಿಲ್ಲವೇ? ಹಾಗೆಯೇ ಇದು.

ಮಂಗಳೂರಿನ ಹಳೆಯ ದೀಪಸ್ತಂಭ ಬಾವುಟಗುಡ್ಡೆಯ ಮೇಲಿದೆ. ಅದು ಈಗ ಹಡಗುಗಳಿಗೆ ದಾರಿ ತೋರುತ್ತಿಲ್ಲ. ಆದರೂ ಲೈಟ್ ಹೌಸ್ ಹಿಲ್ ಎಂಬ ಹೆಸರು ಜನರ ಬಾಯಲ್ಲಿ ಉಳಿದಿದೆ. ಊರಿನ ಮುಸ್ಲಿಮರು ಈದ್ ನಮಾಝ್‌ಗೆ ಸೇರುವ ಈದ್ಗಾ ಕೂಡಾ ಇದೇ ಗುಡ್ಡೆಯಲ್ಲಿದೆ.

ಮಿನಾರು ಎಂಬ ಪದದ ಮೂಲ ಅರಬೀ ಭಾಷೆಯ ‘ಮನಾರ’. ಬೆಳಕಿನ ತಾಣ ಎಂಬುದು ಅದರ ಅರ್ಥ. ದೀಪಸ್ತಂಭಕ್ಕೂ ಅರಬರು ಅದೇ ಪದ ಬಳಸಿದರು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ರಿ.ಪೂ. 3ನೇ ಶತಮಾನದಲ್ಲಿ ಕಟ್ಟಿದ ನೂರು ಮೀಟರಿಗೂ ಎತ್ತರದ ದೀಪಸ್ತಂಭ ಜಗತ್ತಿನ ಅದ್ಭುತಗಳಲ್ಲಿ ಒಂದಾಗಿತ್ತು. ಪ್ರವಾಸಿ ಇಬ್ನ್ ಬತೂತ 1326ರಲ್ಲಿ ಅದನ್ನು ಕಂಡಾಗ ಒಂದು ಬದಿ ಕುಸಿದಿತ್ತು. 1349ರಲ್ಲಿ ಮತ್ತೆ ಹೋದಾಗ ಒಳಹೋಗಲೂ ಆಗದಷ್ಟು ಹಾಳಾಗಿತ್ತು. ಈ ಎರಡು ಭೇಟಿಗಳ ನಡುವೆ ಅವರು ನಮ್ಮ ಹೊನ್ನಾವರ, ಮಂಗಳೂರುಗಳಿಗೂ ಬಂದಿದ್ದರು. ಸಾವಿರದ ಐನೂರಕ್ಕೂ ಹೆಚ್ಚು ವರ್ಷ ನಿಂತ ಗೋಪುರವನ್ನು ಭೂಕಂಪಗಳು ಕೆಡವಿದವು. ಕೊನೆಗೆ 15ನೇ ಶತಮಾನದಲ್ಲಿ ಅದೇ ಜಾಗದಲ್ಲಿ ಒಂದು ಕೋಟೆ ಎದ್ದಿತು.

ದೀಪವನ್ನು ನೋಡಿಕೊಳ್ಳುತ್ತಿದ್ದವರು ಯಾರು? ಹೆಂಗಸರೂ ಇದ್ದರು, ಸಹೋದರಿಯರೇ. ಅಮೆರಿಕದ ನ್ಯೂಪೋರ್ಟ್ ಬಂದರಿನ ಲೈಮ್ ರಾಕ್ ದೀಪವನ್ನು ಕಾಯುತ್ತಿದ್ದ ತಂದೆ ಪಾರ್ಶ್ವವಾಯುವಿಗೆ ತುತ್ತಾದಾಗ, ಮಗಳು ಐಡಾ ಲೂಯಿಸ್‌ಗೆ ಇನ್ನೂ ಹದಿನಾರು ತುಂಬಿರಲಿಲ್ಲ. ತಾಯಿಯೊಂದಿಗೆ ಆಕೆ ದೀಪದ ಹೊಣೆ ಹೊತ್ತಳು. ಎಣ್ಣೆ ತುಂಬುವುದು, ಬತ್ತಿ ಕತ್ತರಿಸುವುದು, ಗಾಜಿನ ಮಸಿ ಒರೆಸುವುದು ದಿನವೂ ತಪ್ಪದ ಕೆಲಸ. ಜೊತೆಗೆ ತಂದೆಯ ಆರೈಕೆ. ದೋಣಿ ಮಗುಚಿ ನೀರಿಗೆ ಬಿದ್ದವರನ್ನು ತಾನೇ ಹುಟ್ಟು ಹಾಕಿ ಹೋಗಿ ಎತ್ತಿ ತಂದಳು. ಆಕೆ ಉಳಿಸಿದ ಜೀವಗಳು 18 ಎಂದು ದಾಖಲಾಗಿದೆ. ಆದರೆ ಕಾವಲುಗಾರ್ತಿ ಎಂಬ ಅಧಿಕೃತ ನೇಮಕ ಆಕೆಗೆ ಸಿಕ್ಕಿದ್ದು 1879ರಲ್ಲಿ, ಇಪ್ಪತ್ತು ವರ್ಷಗಳ ದುಡಿಮೆಯ ನಂತರ. ಮನೆಯ ಭಾರವೆಲ್ಲ ಹೊತ್ತು, ಹೆಸರು ಮಾತ್ರ ಬೇರೆಯವರದ್ದಾಗಿರುವ ಹೆಂಗಸರು ನಮ್ಮ ನಡುವೆಯೂ ಎಷ್ಟಿಲ್ಲ?

ಈಗ ಕರೆಂಟು ಬಂದಿದೆ, ದೀಪ ತಾನಾಗಿಯೇ ಹೊತ್ತುತ್ತದೆ. ಉಪಗ್ರಹದ ಮೂಲಕ ದಾರಿ ತೋರುವ ಯಂತ್ರ ದೋಣಿಗಳಲ್ಲೂ ಇದೆ. ಹಾಗಾದರೆ ದೀಪಸ್ತಂಭ ಬೇಡವೇ? ಯಂತ್ರ ಕೆಟ್ಟ ರಾತ್ರಿ ಆ ಪ್ರಶ್ನೆಯನ್ನು ದೋಣಿಯವರಿಗೆ ಕೇಳಬೇಕು. ಕಣ್ಣಿಗೆ ಕಾಣುವ ಬೆಳಕಿನ ಧೈರ್ಯವೇ ಬೇರೆ. ಉರಿಯುವ ದೀಪವನ್ನು ಕಾಪಾಡುವಂತೆ, ಆರಿಹೋದ ಹಳೆಯ ಗೋಪುರಗಳನ್ನೂ ಕೆಡಹದೆ ಉಳಿಸಿಕೊಳ್ಳಬೇಕು. ಲೆಕ್ಕವಿಲ್ಲದಷ್ಟು ಜನ ಮನೆ ಮುಟ್ಟಿದ್ದಕ್ಕೆ ಅವು ಸಾಕ್ಷಿ.

ರಜೆಯಲ್ಲಿ ಕರಾವಳಿಗೆ ಹೋದರೆ ಮಕ್ಕಳನ್ನು ಕಾಪುವಿಗೆ ಕರೆದೊಯ್ಯಿರಿ. ಕತ್ತಲಾದ ಮೇಲೆ ಎರಡು ಮಿಂಚುಗಳ ನಡುವೆ ಎಷ್ಟು ಸೆಕೆಂಡು ಎಂದು ಅವರಿಂದಲೇ ಎಣಿಸಿರಿ. ಹೋಗಲಾಗದಿದ್ದರೆ, ಅಲ್ಲಿ ದುಡಿಯುತ್ತಿರುವ ನಿಮ್ಮವರು ಫೋನ್ ಮಾಡಿದಾಗ ಕೇಳಿ ನೋಡಿ: “ನಿನಗಲ್ಲಿ ಲೈಟ್ ಹೌಸಿನ ಬೆಳಕು ಕಾಣ್ತದೇನಪ್ಪಾ?”