ಬಯಕೆ ಬತ್ತಿದ ಮನಸ್ಸಿಗೆ ಬೈಗುಳ ಮದ್ದಲ್ಲ

ಜ್ವರ ಬಂದವರಿಗೆ ಮನೆಯಲ್ಲಿ ಗಂಜಿ ಕಾಯಿಸಿ ಕೊಡುತ್ತಾರೆ. ಯಾವುದರಲ್ಲಿಯೂ ಸಂತೋಷವಿಲ್ಲವೆಂದು ಮೂಲೆ ಹಿಡಿದವರಿಗೆ ಉಪದೇಶ ಕೊಡುತ್ತಾರೆ. ‘ನಿನಗೇನು ಕಡಿಮೆಯಾಗಿದೆ? ಉಣ್ಣಲು ಉಡಲು ಇದೆ, ದೇವರಲ್ಲಿ ಮನಸ್ಸಿಡು’ ಎಂಬ ಮಾತನ್ನು ರೋಗಿಯ ಜೊತೆಗೆ ಬಂದವರ ಬಾಯಿಂದ ನಾವು ಪದೇ ಪದೇ ಕೇಳುತ್ತೇವೆ. ಆ ಮಾತಿನಲ್ಲಿ ಪ್ರೀತಿಯಿದೆ, ತಿಳಿವಳಿಕೆಯಿಲ್ಲ. ಸಂತೋಷಪಡುವುದೂ ಶರೀರದ ಒಂದು ಕ್ರಿಯೆ. ಅದಕ್ಕೂ ಮಿದುಳಿನಲ್ಲಿ ಸ್ಥಾನವಿದೆ. ಆ ಸ್ಥಾನವೂ ರೋಗಕ್ಕೆ ಒಳಗಾಗುತ್ತದೆ.

ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು 1954ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಲಿಯ ಮಿದುಳಿನೊಳಗೆ ಸೂಕ್ಷ್ಮ ತಂತಿಯನ್ನಿರಿಸಿ, ಅದು ಸನ್ನೆಗೋಲನ್ನು ಒತ್ತಿದಾಗಲೆಲ್ಲ ಅತ್ಯಲ್ಪ ವಿದ್ಯುತ್ ಹರಿಯುವಂತೆ ಮಾಡಿದ್ದರು. ಇಲಿಗಳು ಬಿಡದೆ ಒತ್ತತೊಡಗಿದವು. ಹೀಗೆ ಬೆಳಕಿಗೆ ಬಂದ ನರಜಾಲವನ್ನೇ ಇಂದು ‘ಪ್ರತಿಫಲ ಕೇಂದ್ರ’ ಎನ್ನುತ್ತಾರೆ. ನಡುಮಿದುಳಿನಿಂದ ಹೊರಟು ‘ನ್ಯೂಕ್ಲಿಯಸ್ ಅಕ್ಯುಂಬೆನ್ಸ್’ ಎಂಬ ಭಾಗವನ್ನು ತಲುಪುವ ಈ ಹಾದಿಯಲ್ಲಿ ಸಂದೇಶವನ್ನು ಒಯ್ಯುವ ರಾಸಾಯನಿಕವೇ ಡೋಪಮೈನ್.

ಡೋಪಮೈನ್ ಎಂದರೆ ಸುಖವೇ ಎಂದು ಬಹುಕಾಲ ಭಾವಿಸಲಾಗಿತ್ತು. ಅಮೆರಿಕದ ಕೆಂಟ್ ಬೆರಿಡ್ಜ್ ಅವರ ಸಂಶೋಧನೆಯು ಬಯಸುವುದು ಬೇರೆ, ಸವಿಯುವುದು ಬೇರೆ ಎಂದು ತೋರಿಸಿತು. ಡೋಪಮೈನ್ ಬರಿದಾದ ಇಲಿಯು ನಾಲಿಗೆಗೆ ಸಿಹಿ ಸೋಕಿಸಿದರೆ ಸವಿಯುತ್ತದೆ. ಆದರೆ ಎದುರಿಗಿರುವ ಆಹಾರವನ್ನು ತಾನಾಗಿ ಹೋಗಿ ತಿನ್ನುವುದಿಲ್ಲ.

ಈ ಭೇದವನ್ನು ಅರಿತರೆ ಮನೆಮನೆಗಳಲ್ಲಿ ಕಾಣುವ ಎರಡು ಸಂಕಟಗಳು ಅರ್ಥವಾಗುತ್ತವೆ. ಮದ್ಯ, ತಂಬಾಕು, ಜೂಜುಗಳ ಚಟದಲ್ಲಿ ಬಯಕೆ ಬೆಳೆಯುತ್ತಲೇ ಹೋಗುತ್ತದೆ, ಸವಿ ಕುಗ್ಗುತ್ತಲೇ ಹೋಗುತ್ತದೆ. ‘ಕುಡಿದರೆ ಸುಖವೂ ಇಲ್ಲ, ಬಿಡಲೂ ಆಗುತ್ತಿಲ್ಲ’ ಎಂಬುದು ನಾಟಕದ ಮಾತಲ್ಲ. ಖಿನ್ನತೆಯಲ್ಲಾದರೋ ಅನೇಕರಿಗೆ ಈ ಕೇಂದ್ರದ ಪ್ರತಿಕ್ರಿಯೆಯೇ ಮಂದವಾಗುತ್ತದೆ. ಮೊಮ್ಮಗು ತೊಡೆಯೇರಿದರೂ ನಗು ಬಾರದು. ನಿತ್ಯಪೂಜೆಗೆ ಕುಳಿತರೂ ಮನಸ್ಸು ಅರಳದು. ಇದು ಭಕ್ತಿಯ ಕೊರತೆಯಲ್ಲ, ರೋಗದ ಲಕ್ಷಣ. ಖಿನ್ನತೆಗೆ ಶೋಕ, ಸಾಲ, ನಿದ್ರಾನಾಶ, ವಂಶದ ಒಲವು ಮೊದಲಾದ ಬೇರೆ ಕಾರಣಗಳೂ ಇವೆ. ಸೋಮಾರಿತನ ಮಾತ್ರ ಅವುಗಳಲ್ಲಿ ಒಂದಲ್ಲ.

ಆಯುರ್ವೇದ ವೈದ್ಯರಾಗಿ ಇಲ್ಲೊಂದು ಎಚ್ಚರಿಕೆ ಹೇಳುವುದು ನಮ್ಮ ಕರ್ತವ್ಯ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದೆ. ಅದು ಮಿದುಳಿನಲ್ಲಿ ಡೋಪಮೈನ್ ಆಗುತ್ತದೆ. ಕಂಪವಾತದ ಚಿಕಿತ್ಸೆಯಲ್ಲಿ ಅದಕ್ಕೆ ಸ್ಥಾನವಿರುವುದು ನಿಜ. ಆದರೆ ಉಲ್ಲಾಸಕ್ಕೆಂದು ಅದರ ಚೂರ್ಣವನ್ನು ತಾವೇ ತರಿಸಿ ಸೇವಿಸುವುದು ಅಪಾಯಕರ. ಇಲ್ಲದ ಧ್ವನಿ ಕೇಳುವ, ಸಲ್ಲದ ಸಂಶಯ ಕಾಡುವ ಚಿತ್ತವಿಕಲತೆಯಲ್ಲಿ ಡೋಪಮೈನ್ ಕ್ರಿಯೆ ಮೊದಲೇ ಅತಿಯಾಗಿರುತ್ತದೆ. ಅಂಥವರಿಗೆ ಇದು ಬೆಂಕಿಗೆ ತುಪ್ಪ ಸುರಿದಂತೆ. ಡೋಪಮೈನಿನಂತೆ ವರ್ತಿಸುವ ಕೆಲವು ಔಷಧಗಳಿಂದ ಕಂಪವಾತದ ರೋಗಿಗಳಲ್ಲಿ ಕೆಲವರಿಗೆ ಹಿಂದೆಂದೂ ಇರದ ಜೂಜಿನ ಹುಚ್ಚು ಹತ್ತಿದ್ದೂ ಉಂಟು.

ಚರಕಾಚಾರ್ಯರು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ಹೇಳಿದ್ದಾರೆ. ಒಂದನ್ನು ಹಿಡಿದು ಮಿಕ್ಕೆರಡನ್ನು ಬಿಡಬೇಕೆಂದು ಹೇಳಿಲ್ಲ. ಪ್ರಾರ್ಥನೆ ಇರಲಿ, ಔಷಧವೂ ಇರಲಿ, ಆಪ್ತಸಮಾಲೋಚನೆಯೂ ಇರಲಿ. ಬಯಕೆ ಹುಟ್ಟಲೆಂದು ಕಾಯದೆ, ಮೊದಲು ಒಂದು ಸಣ್ಣ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡಿಸುವುದು ಆಧುನಿಕ ಮನೋಚಿಕಿತ್ಸೆಯ ಒಂದು ಕ್ರಮ. ಹಿತ್ತಲ ಗಿಡಕ್ಕೆ ನೀರೆರೆಯುವುದು ಸಾಕು. ರುಚಿ ಹಿಂದಿನಿಂದ ಬರುತ್ತದೆ. ಜೊತೆಗೊಬ್ಬರು ನಿಂತರೆ ಇನ್ನೂ ಒಳಿತು.

ಎರಡು ವಾರ ಕಳೆದರೂ ಆಸಕ್ತಿ ಮರಳದಿದ್ದರೆ ಮನೋವೈದ್ಯರನ್ನು ಕಾಣಿರಿ. ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ಸಾವಿನ ಮಾತೆತ್ತಿದವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸು ಬತ್ತಿದವರಿಗೆ ಮೊದಲು ಬೇಕಾದುದು ಬುದ್ಧಿವಾದವಲ್ಲ, ಪಕ್ಕದಲ್ಲಿ ಕುಳಿತುಕೊಳ್ಳುವ ಒಂದು ಜೀವ.