ಉಸ್ತಾದರ ಕೈಗುಣ, ಡಾಕ್ಟರ ಚೀಟಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಗರಡಿಗಳಿಗೆ ಜೀವ ಬರುತ್ತದೆ. ಮಟ್ಟಿಯ ಕೆಮ್ಮಣ್ಣು ಹದವಾಗುತ್ತದೆ, ಜೋಡಿ ಕಟ್ಟುವ ಮಾತು ಶುರುವಾಗುತ್ತದೆ. ಅದರ ಹಿಂದೆಯೇ ಭುಜ ತಪ್ಪಿದವರು, ಮಂಡಿ ಉಳುಕಿದವರು ಸಾಲುಗಟ್ಟುತ್ತಾರೆ. ಬಿದ್ದ ಹುಡುಗನನ್ನು ಮೊದಲು ಎತ್ತಿಕೊಂಡು ಹೋಗುವುದು ಆಸ್ಪತ್ರೆಗಲ್ಲ, ಉಸ್ತಾದರ ಹತ್ತಿರಕ್ಕೆ. "ತಡ್ಕೋ ಮಗಾ, ಒಂದೇ ಎಳೆತ" ಅಂತಾರೆ ಅವರು. ಎಷ್ಟೋ ಸಲ ಸರಿಯೂ ಹೋಗುತ್ತದೆ.

ಇದನ್ನು ಹಳ್ಳಿ ಮದ್ದು ಅಂತ ನಕ್ಕು ಬಿಡುವುದು ಸುಲಭ. ಆದರೆ ವಿಜಯದಶಮಿಯಂದು ಅರಮನೆ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ಆಡುವ ಜಟ್ಟಿಗಳು ಹಿಂದಿನಿಂದಲೂ ಮಾಲೀಶಿಗೆ, ಕೀಲು ಕೂರಿಸುವುದಕ್ಕೆ ಹೆಸರಾದವರು. ಯಾವ ಪಟ್ಟಿಗೆ ಯಾವ ಕೀಲು ಸೋಲುತ್ತದೆ ಎಂದು ಬಲ್ಲವನಿಗೇ ಅದನ್ನು ಮರಳಿ ಕೂರಿಸುವ ದಾರಿಯೂ ಗೊತ್ತಿತ್ತು. ಕುಸ್ತಿಯ ಕಲೆ, ಚಿಕಿತ್ಸೆಯ ಕಲೆ ಎರಡೂ ಒಂದೇ ಕೈಯಲ್ಲಿದ್ದವು.

ಹಾಗಾದರೆ ತಕರಾರು ಎಲ್ಲಿ? ಕೈ ಮುಟ್ಟಲಾಗದ ಜಾಗದಲ್ಲಿ. ತಪ್ಪಿದ ಭುಜದ ಜೊತೆ ಮೂಳೆಯ ಚೂರೂ ಮುರಿದಿರಬಹುದು, ನರವೂ ಜಗ್ಗಿರಬಹುದು. ಎಕ್ಸ್‌ರೇ ಇಲ್ಲದೆ ಎಳೆದರೆ ಒಂದು ಪೆಟ್ಟು ಎರಡಾಗುತ್ತದೆ. ಪೆಟ್ಟಾದ ಮೊಣಕೈಯನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಮಾಂಸಖಂಡದೊಳಗೇ ಮೂಳೆ ಬೆಳೆದು, ಕೈ ಮಡಿಸಲಾಗದಂತೆ ಆಗುವುದುಂಟು. ಎಲ್ಲಕ್ಕಿಂತ ಅಪಾಯ ಬಿಗಿ ಕಟ್ಟು. ಬೆರಳು ತಣ್ಣಗಾಗಿ, ಜೋಮು ಹಿಡಿದು, ನೋವು ಏರುತ್ತಾ ಹೋದರೆ ರಕ್ತ ಹರಿಯುತ್ತಿಲ್ಲವೆಂದೇ ಅರ್ಥ. ಸುಮಾರು 6 ಗಂಟೆ ಹಾಗೇ ಬಿಟ್ಟರೆ ಮಾಂಸಖಂಡ ಸಾಯತೊಡಗುತ್ತದೆ. ಇದು ಇಂಗ್ಲಿಷ್ ಡಾಕ್ಟರುಗಳು ಕಟ್ಟಿದ ಕತೆಯೇನಲ್ಲ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಊತ, ನೋವು, ಕೀವು ತಪ್ಪದು ಎಂದು ಸುಶ್ರುತ ಸಂಹಿತೆಯೇ ಎಚ್ಚರಿಸಿದೆ.

ಮಂಡಿಯದು ಇನ್ನೂ ಮೋಸದ ಆಟ. ಒಳಗೆ 'ಟಪ್' ಅನ್ನುತ್ತದೆ, ಕೆಲವೇ ಗಂಟೆಯಲ್ಲಿ ಊದುತ್ತದೆ. ಕೆಲವು ವಾರಕ್ಕೆ ಊತ ಇಳಿದು ಹುಡುಗ ನಡೆದಾಡುತ್ತಾನೆ. ವಾಸಿಯಾಯ್ತು ಅಂತ ಮಟ್ಟಿಗಿಳಿದರೆ, ತಿರುಗುವಾಗ ಮಂಡಿ ಕೈಕೊಡುತ್ತದೆ. ಹರಿದದ್ದು ಮೂಳೆಯಲ್ಲ, ಒಳಗಿನ ಕಟ್ಟುನಾರು. ಅದು ಎಕ್ಸ್‌ರೇಯಲ್ಲೂ ಕಾಣದು.

ಇಲ್ಲಿ ಡಾಕ್ಟರುಗಳಿಗೂ ಒಂದು ಮಾತು ಹೇಳಬೇಕು. ಈ ನಾರು ಹರಿದಿದೆಯೇ ಎಂದು ತಿಳಿಯಲು 1976ರಲ್ಲಿ ವೈದ್ಯ ಪತ್ರಿಕೆಯಲ್ಲಿ ಬೆಳಕಿಗೆ ಬಂದ ಲ್ಯಾಕ್‌ಮನ್ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಮಂಡಿಯನ್ನು ಸ್ವಲ್ಪ ಮಡಿಸಿ, ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಕಣಕಾಲನ್ನು ಇನ್ನೊಂದು ಕೈಯಲ್ಲಿ ಮುಂದಕ್ಕೆಳೆದು ನೋಡಿದರೆ ಪಳಗಿದ ಕೈಗೆ ಗೊತ್ತಾಗುತ್ತದೆ. ಅಂದರೆ ಆಧುನಿಕ ವೈದ್ಯವೂ ಕೈಯ ಕಲೆಯೇ. ಕಾಲು ಮುಟ್ಟದೆ ಸ್ಕ್ಯಾನಿಂಗಿಗೆ ಚೀಟಿ ಬರೆದು ಕಳಿಸುವ ಡಾಕ್ಟರು ಆ ಕಲೆಯನ್ನು ಮರೆತವರು. ಸ್ಕ್ಯಾನಿಂಗಿನ ದುಡ್ಡಿಗೆ ಹೆದರಿ ಬಡವರ ಹುಡುಗ ಮತ್ತೆ ಎಣ್ಣೆಯ ಬಟ್ಟಲಿಗೇ ವಾಪಸ್ಸು ಬಂದರೆ ತಪ್ಪು ಯಾರದು?

ಮಂಡಿ ಹೋದರೆ ಎಲ್ಲವೂ ಹೋದಂತಲ್ಲ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮಂಡಿ ಮುರಿಸಿಕೊಂಡು ಸ್ಟ್ರೆಚರಿನಲ್ಲಿ ಹೊರಹೋದ ವಿನೇಶ್ ಫೋಗಟ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಆದರೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಯಿತು, ತಿಂಗಳುಗಟ್ಟಲೆ ಕಸರತ್ತು ಬೇಕಾಯಿತು. ಇಂಥ ಆಪರೇಷನ್ ಆದವರು ಕನಿಷ್ಠ 9 ತಿಂಗಳು ಕಾಯಬೇಕು ಎನ್ನುವುದು ಈಗಿನ ತಜ್ಞರ ಮಾತು. ಕ್ರೀಡಾ ಕೋಟಾದಲ್ಲಿ ಪೊಲೀಸೋ ರೈಲ್ವೆಯೋ ಕೆಲಸ ಸಿಕ್ಕೀತು ಎಂದು ಕುಸ್ತಿ ಹಿಡಿದ ಹುಡುಗನಿಗೆ ಆ 9 ತಿಂಗಳು ಹಾಲು, ಬಾದಾಮಿ ಕೊಡುವವರು ಯಾರು?

ಊರ ಕುಸ್ತಿಗೆ, ಕಬಡ್ಡಿಗೆ ಪೆಂಡಾಲು, ಮೈಕು, ಬೆಳ್ಳಿ ಗದೆಗೆ ಚಂದಾ ಏಳುತ್ತದೆ. ಅದೇ ಚಂದಾದಲ್ಲಿ ಒಂದು ಐಸ್ ಪೆಟ್ಟಿಗೆ, ಒಬ್ಬ ಫಿಸಿಯೋಥೆರಪಿಸ್ಟಿನ ದಿನದ ಕೂಲಿ ಯಾಕೆ ಸೇರಬಾರದು? ಜಿಲ್ಲಾ ಆಸ್ಪತ್ರೆಯ ಮೂಳೆ ಡಾಕ್ಟರು ವರ್ಷಕ್ಕೊಂದು ದಿನ ಗರಡಿಗೆ ಬಂದು, ಯಾವುದಕ್ಕೆ ಕೈ ಹಾಕಬಾರದು ಎಂದು ಉಸ್ತಾದರಿಗೆ ಹೇಳಲಿ. ಹಾಗೇ ಹುಡುಗನ ಮೈಯನ್ನು ಹೇಗೆ ಓದಬೇಕೆಂದು ಉಸ್ತಾದರಿಂದ ನಾಲ್ಕು ಮಾತು ಕೇಳಿಕೊಂಡೂ ಹೋಗಲಿ.

ಪಟ್ಟು ಹಾಕುವುದು ಎಷ್ಟು ದೊಡ್ಡ ವಿದ್ಯೆಯೋ, ಪಟ್ಟು ಬಿಡುವುದೂ ಅಷ್ಟೇ ದೊಡ್ಡ ವಿದ್ಯೆ. ಗರಡಿ, ಆಸ್ಪತ್ರೆ ಎರಡೂ ಇದನ್ನು ಕಲಿತರೆ ಹುಡುಗರ ಕೈಕಾಲು ಉಳಿದೀತು.