ಮೂರು ನಿಮಿಷದ ಕಪ್ಪು ಪ್ಲೇಟು

ಮೊದಲಿಗೆ ಒಂದು ಒಗಟು. ತಟ್ಟೆ ಹೌದು, ಊಟಕ್ಕೆ ಬಾರದು. ಸೂಜಿ ಹೌದು, ಹೊಲಿಗೆಗೆ ಬಾರದು. ಬಾಯಿ ಅಗಲ, ಮಾತು ತನ್ನದಲ್ಲ. ಏನು ಹೇಳಿ?

ಮಕ್ಕಳು ತಲೆ ಕೆರೆದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ನಕ್ಕಿರಬೇಕು. ಹೌದು, ಗ್ರಾಮಾಫೋನು. ಬೆಳಗಾವಿ ಕಡೆ ನಾವು ಅದರ ತಟ್ಟೆಗೆ ಪ್ಲೇಟು ಅಂತಲೇ ಅನ್ನುತ್ತಿದ್ದೆವು. ಅರಗು ಬೆರೆಸಿ ಮಾಡಿದ ಈ ಪ್ಲೇಟು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. 10 ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು 3 ನಿಮಿಷದ ಹಾಡು. ಅದು ಮುಗಿಯಿತೋ, ಪ್ಲೇಟು ಮಗುಚಿ ಹಾಕಬೇಕು, ಸೂಜಿ ಬದಲಿಸಬೇಕು, ಹಿಡಿಕೆ ತಿರುವಿ ಕೀಲಿ ಕೊಡಬೇಕು.

ಈಗ ಅವೇ ಹಾಡುಗಳು ಮೊಬೈಲಿನಲ್ಲಿ ಸಿಗುತ್ತವೆ. ಹಳೆಯ ಪ್ಲೇಟು ಕೂಡಿಡುವ ಹವ್ಯಾಸಿಗಳು ಅವನ್ನು ಡಿಜಿಟಲ್ ಮಾಡಿ ಎಲ್ಲರ ಕಿವಿಗೂ ಮುಟ್ಟಿಸುತ್ತಿದ್ದಾರೆ. ನಮ್ಮ ಮೊಮ್ಮಗಳಿಗೆ ಒಂದನ್ನು ಕೇಳಿಸಿದೆ. ಅರ್ಧ ನಿಮಿಷಕ್ಕೇ ಮುಖ ಕಿವುಚಿದಳು.

"ಅಜ್ಜಾ, ಇದು ಕೆಟ್ಟೈತಿ. ಎಣ್ಣಿಯೊಳಗ ವಡಿ ಕರದಂಗ ಸಪ್ಪಳ ಬರಾಕತ್ತೈತಿ."

"ಕೆಟ್ಟಿಲ್ಲವ್ವಾ. ಅದಕ್ಕ ವಯಸ್ಸಾಗೈತಿ, ನನ್ನಂಗ. ಸಪ್ಪಳದ ಹಿಂದ ಯಾರದಾರ ನೋಡು."

ಆ ಸಪ್ಪಳದ ಹಿಂದೆ ಯಾರೆಲ್ಲ ಇದ್ದಾರೆ ಗೊತ್ತೇ? 1902ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಇದ್ದಾರೆ. ಹಾಡು ಮುಗಿಸಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಇದು ಜಂಬವಲ್ಲ. ಪ್ಲೇಟು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಚೀಟಿ ಅಂಟಿಸಲು ಯಾರ ಹಾಡೆಂದು ತಿಳಿಯಬೇಕಲ್ಲ! ಈ ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಗಂಟೆಗಟ್ಟಲೆ ಹಾಡುವ ರಾಗವನ್ನು 3 ನಿಮಿಷಕ್ಕೆ ಇಳಿಸುವುದೆಂದರೆ ಹಬ್ಬದ ಊಟವನ್ನು ಒಂದೇ ಡಬ್ಬಿಗೆ ತುಂಬಿದಂತೆ. ಯಾವುದೂ ಹೆಚ್ಚಾಗುವಂತಿಲ್ಲ, ಮುಖ್ಯವಾದದ್ದು ಬಿಡುವಂತಿಲ್ಲ. ಅಮೆರಿಕದ ಜಾಝ್ ಸಂಗೀತಗಾರರಿಗೂ ಇದೇ ಪಾಡು. ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ಶಿಕಾಗೋದಲ್ಲಿ ತುತ್ತೂರಿ ನುಡಿಸಿದ 'ವೆಸ್ಟ್ ಎಂಡ್ ಬ್ಲೂಸ್' ಕೂಡ 3 ನಿಮಿಷ ದಾಟಿದ ಕೂಡಲೇ ಮುಗಿಯುತ್ತದೆ. ಕೇಳಿ ನೋಡಿ, ಅದಕ್ಕೂ ಭಾಷೆ ಬೇಕಾಗಿಲ್ಲ.

ಆ 3 ನಿಮಿಷ ಏನೇನು ಮಾಡಿತು ನೋಡಿ. ಗದಗಿನ ಹುಡುಗನೊಬ್ಬ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಹುಚ್ಚಾದ. ಗುರುವನ್ನು ಹುಡುಕುತ್ತ 1933ರಲ್ಲಿ, 11ನೇ ವಯಸ್ಸಿಗೆ ಮನೆ ಬಿಟ್ಟ. ಊರೂರು ಅಲೆದು ಬಂದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಕಾಲು ಹಿಡಿದ. ಅವರು ಅದೇ ಕರೀಂ ಖಾನರ ಶಿಷ್ಯರು! ಆ ಹುಡುಗನೇ ಪಂಡಿತ ಭೀಮಸೇನ ಜೋಶಿ.

ಇನ್ನೊಬ್ಬ ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯವನು, 1924ರಲ್ಲಿ ಹುಟ್ಟಿದ ಶಿವಪುತ್ರ. ದೊಡ್ಡ ದೊಡ್ಡ ಗಾಯಕರ ಪ್ಲೇಟು ಕೇಳಿ ಆರೇಳು ವರ್ಷಕ್ಕೇ ಹಾಗೆಹಾಗೆಯೇ ಹಾಡಿಬಿಡುತ್ತಿದ್ದ. ಜನ ಬೆರಗಾಗಿ 'ಕುಮಾರ ಗಂಧರ್ವ' ಎಂದರು. ಆದರೆ ಅವರು ಪ್ಲೇಟಿನ ನಕಲಿಗೇ ನಿಲ್ಲಲಿಲ್ಲ. ಮುಂಬಯಿಯಲ್ಲಿ ದೇವಧರ ಮಾಸ್ತರರ ಬಳಿ ಕಲಿತರು. ಕ್ಷಯರೋಗ ಬಂದು ವರ್ಷಗಟ್ಟಲೆ ಹಾಡು ನಿಂತಿತು. ಗುಣವಾದ ಮೇಲೆ, ಯಾರ ನಕಲೂ ಅಲ್ಲದ ತಮ್ಮದೇ ದಾರಿಯಲ್ಲಿ ಹಾಡಿದರು.

ಅದೇ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ 11 ವರ್ಷದ ಹುಡುಗಿಯೊಬ್ಬಳಿದ್ದಳು. ಮುಂದೆ ಅವರೇ ಗಂಗೂಬಾಯಿ ಹಾನಗಲ್. ಅವರ ಗಂಭೀರ, ಗಡಸು ದನಿ ನಮಗೆಲ್ಲ ಗೊತ್ತು. ಆದರೆ ಎಳೆಯ ವಯಸ್ಸಿನಲ್ಲಿ ಅವರದು ತೆಳ್ಳಗಿನ ಏರುದನಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಬದಲಾಯಿತು. ಆ ಮೊದಲಿನ ದನಿ ಇವತ್ತು ನಮಗೆ ಸಿಗುವುದು 1930ರ ದಶಕದ ಪ್ಲೇಟುಗಳಲ್ಲಿ. ಪ್ಲೇಟು ಒಡೆದರೆ ಅದೂ ಹೋಯಿತು.

ಅದಕ್ಕೇ ಖಾನಾಪುರದ ಸುದ್ದಿ ಕೇಳಿ ನಾನು ಓಡಿದ್ದು. ಅಲ್ಲಿ ನನ್ನ ಸೋದರತ್ತೆಯ ಮನೆ. ದುರಸ್ತಿ ನಡೆದಿತ್ತು, ಅಟ್ಟದ ಟ್ರಂಕು ಗುಜರಿಗೆ ಹೊರಟಿತ್ತು. ಒಳಗೆ 31 ಪ್ಲೇಟು. ಖಾನಾಪುರದ ಮಳೆ ನಿಮಗೆ ಗೊತ್ತಲ್ಲ, ಮೇಲೆಲ್ಲ ಬೂಸ್ಟು. ನಾಲ್ಕು ಸೀಳಿದ್ದವು. ಒಂದರ ಚೀಟಿಯನ್ನು ಹುಳ ತಿಂದಿತ್ತು. ಪ್ಲೇಟು ನುಡಿಸುವ ಮಷಿನ್ನೂ ಕಂಪ್ಯೂಟರೂ ಇರುವ ಪರಿಚಯದ ತರುಣನೊಬ್ಬ ಬೆಳಗಾವಿಯಲ್ಲಿ ಉಳಿದ 27ನ್ನೂ ಡಿಜಿಟಲ್ ಮಾಡಿಕೊಟ್ಟ.

ಹುಳ ತಿಂದ ಪ್ಲೇಟಿನ ಹಾಡು ಯಾರದೆಂದು ಮೊಬೈಲಿಗೂ ಗುರುತು ಸಿಗಲಿಲ್ಲ. ಅತ್ತೆಗೆ ಈಗ 88 ವರ್ಷ. ಹಾಡು ಶುರುವಾದದ್ದೇ ಅವರು ಮುಂದಿನ ಸಾಲು ಹೇಳಿದರು! "ಇದು ನಾಟಕದ್ದಪಾ. ನಮ್ಮಪ್ಪ ಬಾವಿ ಕಟ್ಟಿಗೆ ಸ್ನಾನ ಮಾಡೂವಾಗ ಇದನ್ನ ಗುನಗತಿದ್ದ." ಮೊಮ್ಮಗಳು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ದನಿಯನ್ನು ಯಂತ್ರ ಕಾಯುತ್ತದೆ. ಆದರೆ ಅದು ಯಾರ ಮನೆಯ ದನಿ ಎಂಬುದು ಹಿರಿಯರ ತಲೆಯಲ್ಲಿದೆ. ಅದನ್ನು ಬೇಗ ಕೇಳಿ ಇಟ್ಟುಕೊಳ್ಳಬೇಕು.

ನಿಮ್ಮ ಮನೆಯಲ್ಲೂ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೇರ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ, ಬಾಗುತ್ತವೆ. ಸ್ಪಿರಿಟ್ ಹಚ್ಚಿ ಒರೆಸಲೇಬೇಡಿ, ಅರಗು ಕರಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು. ಡಿಜಿಟಲ್ ಮಾಡಿಸುವಾಗ 78ರ ಪ್ಲೇಟಿಗೆಂದೇ ಇರುವ ದಪ್ಪ ಸೂಜಿ ಕೇಳಿ. ತಿರುಗುವ ವೇಗವನ್ನೂ ಸರಿಯಾಗಿ ನೋಡಿಸಿ. ವೇಗ ಹೆಚ್ಚಾದರೆ ಶ್ರುತಿ ಏರಿ, ದೊಡ್ಡವರ ದನಿ ಸಣ್ಣ ಹುಡುಗರದಾಗುತ್ತದೆ. ಸಪ್ಪಳವನ್ನು ಪೂರ್ತಿ ತೆಗೆಸಲು ಹೋಗಬೇಡಿ. ಅದರ ಜೊತೆಗೆ ತಂಬೂರಿಯ ಝೇಂಕಾರ, ಹಾಡುವವರ ಉಸಿರೂ ಹೋಗುತ್ತವೆ.

ಮಕ್ಕಳೇ, ಈ ಭಾನುವಾರದ ಕೆಲಸ ಇದು. ಅಜ್ಜ ಅಜ್ಜಿಗೆ ಬೇಕಾದ ಒಂದು ಹಳೆಯ ಹಾಡು ಹುಡುಕಿ ಹಾಕಿ. 3 ನಿಮಿಷ ಬೆರಳು ಮೊಬೈಲಿನ ಮೇಲೆ ಆಡಬಾರದು. ಒಮ್ಮೆ ಸಪ್ಪಳ ಕೇಳುತ್ತದೆ, ಎರಡನೆಯ ಸಲ ಹಾಡು ಕೇಳುತ್ತದೆ. ಮೂರನೆಯ ಸಲ ಪಕ್ಕದವರ ಮುಖ ನೋಡಿ. ಆಮೇಲೆ ಪೆನ್ನು ಹಿಡಿದು ಕೂತು, "ಇದನ್ನು ಮೊದಲು ಎಲ್ಲಿ ಕೇಳಿದ್ರಿ?" ಎಂದು ಕೇಳಿ.